ಅಳತೆಗಾರ ಡಾಟ್ ಕಾಮ್

"ಒತ್ತಿ ಸ್ವಾಮಿ, ಒತ್ತಿ! ಇನ್ಯಾರಾದ್ರೂ ಎತ್ಕೊಂಡು ಹೋಗ್ತಾರೆ!"

ಟೈಲರ್ ಕಣ್ಣು ಮುಚ್ಚಿ ಮೌಸ್ ಒತ್ತಿದ. ಕಂಪ್ಯೂಟರ್ ಅಂಗಡಿಯವನು ಅವನ ಬೆನ್ನಿಗೆ ಗುದ್ದಿದ. "ಹೆಸರು ನಿಮ್ದಾಯ್ತು!"

ಅಳತೆಗಾರ ಡಾಟ್ ಕಾಮ್! ಮೊನ್ನೆಮೊನ್ನೆಯವರೆಗೂ ಅದು ಹೆಂಡತಿಯ ಅಣ್ಣನದು. ಭಾವನೂ ಟೈಲರೇ. ಅಂಗಡಿಯಿಲ್ಲ, ಬೋರ್ಡಿಲ್ಲ, ಮನೆಯಲ್ಲೇ ಒಂದು ಮಿಷನ್. ಆದರೂ ಜನ ನೆಟ್‌ನಲ್ಲಿ ಹುಡುಕಿಕೊಂಡು ಬರುತ್ತಿದ್ದರು. "ನಮ್ಮಣ್ಣಂಗೆ ನೆಟ್ಟಲ್ಲಿ ಹೆಸರಿದೆ" ಎಂದು ಹೆಂಡತಿ ಅಂದಾಗಲೆಲ್ಲ ಟೈಲರನ ಹೊಟ್ಟೆ ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತಿತ್ತು.

"ಕದ್ದ ಹಾಗಾಗಲ್ವಾ?"

"ಎಲ್ಲಿಯ ಕಳ್ಳತನ! ಇಡೀ ಜಗತ್ತಿಗೆ ಒಂದೇ ಪಟ್ಟಿ, ಒಂದು ಹೆಸರು ಒಬ್ಬರಿಗೇ. ಅದೂ ಬಾಡಿಗೆಗೆ. ನಿಮ್ಮ ಭಾವ ನವೀಕರಿಸ್ಲಿಲ್ಲ. ಪಟ್ಟಿ ಇಟ್ಟಿರೋರೂ ಕಾದು ನೋಡಿದ್ರು, ಬಿಟ್ರು. ಮೊದಲು ಕೇಳ್ದೋರಿಗೆ ಸಿಕ್ತು."

ಟೈಲರ್ ಆಗಲೇ ಆ ಹೆಸರಿನ ಪುಟದಲ್ಲಿ ತನ್ನ ಅಂಗಡಿಯ ವಿಳಾಸ ಹಾಕಿಸಿ, ಮದುಮಗನ ಹಾಗೆ ಅಂಗಡಿಗೆ ಬಂದು ಕೂತ.

ಮಧ್ಯಾಹ್ನ ಒಬ್ಬ ದಢೂತಿ ಒಳಗೆ ಬಂದ. "ಅಳತೆಗಾರ ನೀವೇನಾ?"

"ನಾನೇ, ನಾನೇ!"

"ಸದ್ಯ! ಹಳೇ ಮನೆಗೆ ಹೋದ್ರೆ ಬೀಗ, ನೆಟ್ಟಲ್ಲಿ ನಿನ್ನೆವರೆಗೂ ಪುಟಾನೇ ಇರ್ಲಿಲ್ಲ, ಇವತ್ತು ನೋಡಿದ್ರೆ ಈ ವಿಳಾಸ ಸಿಕ್ತು. ಈ ಕೋಟು ಸಡಿಲ ಮಾಡ್ಕೊಡಿ. ಗುಂಡಿ ಹಾಕಿದ್ರೆ ಉಸಿರು ನಿಲ್ಲುತ್ತೆ."

"ಎಷ್ಟು ಕೊಡ್ತೀರಿ?"

ದಢೂತಿ ಕಾಲರ್ ಮಗುಚಿ ತೋರಿಸಿದ. ಒಳಗೆ ಹೊಲಿದಿದ್ದ ಪಟ್ಟಿಯಲ್ಲಿತ್ತು: 'ಮೈ ಬೆಳೆದರೆ ಜೀವಮಾನವಿಡೀ ಪುಕ್ಕಟೆ ಸಡಿಲಿಸಿಕೊಡಲಾಗುವುದು. ಅಳತೆಗಾರ ಡಾಟ್ ಕಾಮ್.'

ಭಾವನ ಹೊಲಿಗೆಯನ್ನು ಮುಟ್ಟಿ ನೋಡುವುದೂ ಅವಮಾನವೆಂದುಕೊಂಡಿದ್ದವನು ಆ ಪಟ್ಟಿಯನ್ನು ಕಂಡದ್ದು ಅದೇ ಮೊದಲು.

ಸಂಜೆಯೊಳಗೆ ಅಂಗಡಿ ತುಂಬ ಹೊಟ್ಟೆಗಳು. ಕೋಟು, ಪ್ಯಾಂಟು, ಒಬ್ಬ ಬ್ಯಾಂಡಿನವನ ಸಮವಸ್ತ್ರ. "ನಾನಲ್ಲ, ಅದು ನನ್ನ ಭಾವ!" ಎಂದರೆ, "ಮಧ್ಯಾಹ್ನ ನಾನೇ ನಾನೇ ಅಂದ್ರಂತೆ?" ಎಂದು ಗದರಿದರು. ಹೆಂಡತಿ ಇಣುಕಿ ನೋಡಿ ಹಿಗ್ಗಿದಳು: "ಅಬ್ಬಾ, ಅಂತೂ ನಿಮಗೂ ಹೆಸರು ಬಂತು!"

ಟೈಲರ್ ಹಿಂಬಾಗಿಲಿನಿಂದ ಭಾವನ ಹೊಸ ಮನೆಗೆ ಓಡಿದ.

"ಭಾವ, ನಿಮ್ಮ ಹೆಸರು ನೀವೇ ಇಟ್ಕೊಳ್ಳಿ. ಒಂದು ವರ್ಷದ ಬಾಡಿಗೆ ಕಟ್ಟಿದ್ದೀನಿ."

"ಪಾಪ! ಜನ ಇಷ್ಟು ಊದ್ತಾರೆ ಅಂತ ಆ ಪಟ್ಟಿ ಹೊಲಿಯೋವಾಗ ಯಾರಿಗ್ಗೊತ್ತಿತ್ತು ಹೇಳಿ? ಯಾರಾದ್ರೂ ಎತ್ಕೊಳ್ಳಲಿ ಅಂತಾನೇ ಕೈಬಿಟ್ಟಿದ್ದೆ."

"ಹತ್ತು ವರ್ಷದ್ದು ಕಟ್ತೀನಿ! ನನ್ನ ಹೊಸ ಮಿಷನ್ನೂ ಕೊಡ್ತೀನಿ!"

ಭಾವ ಸೂಜಿಗೆ ದಾರ ಪೋಣಿಸುತ್ತಿದ್ದ. ತಲೆ ಎತ್ತಲಿಲ್ಲ.

"ಬೇಡ."