ಮಾವ, ಮಾನಿಟರ್ ಮತ್ತು ಮಧ್ಯಸ್ಥ ಬೆಕ್ಕು

ಮಾನಿಟರ್ ಎಂದರೆ ನನಗೆ ಬಹಳ ಕಾಲ ಒಂದೇ ಅರ್ಥ ಗೊತ್ತಿತ್ತು: ಮೇಷ್ಟ್ರು ಇಲ್ಲದಾಗ ತರಗತಿಯಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಹುಡುಗಿ. ಆ ಬೋರ್ಡಿನಲ್ಲಿ ನನ್ನ ಹೆಸರು ಒಮ್ಮೆಯೂ ಬಿದ್ದದ್ದಿಲ್ಲ. ನಾನು ಒಳ್ಳೆಯವಳಾಗಿದ್ದೆ ಎಂದಲ್ಲ, ನನಗೆ ಮಾತೇ ಕಡಿಮೆ. ಈ ಗುಣ ನೋಡಿಯೇ ರಾಜಾನುಕುಂಟೆಯ ಈ ಮನೆಯವರು ನನ್ನನ್ನು ಒಪ್ಪಿಕೊಂಡರೆಂದು ಕಾಣುತ್ತದೆ. ಏಕೆಂದರೆ ಇಲ್ಲಿ ಸೊಸೆಯಾದವಳು ಮಾವನ ಎದುರು ಕೂರುವಂತಿಲ್ಲ, ಮಾವನ ಜೊತೆ ನೇರವಾಗಿ ಮಾತಾಡುವಂತಿಲ್ಲ. ಈಗ ಯಾರೂ ಇದನ್ನೆಲ್ಲ ಕಟ್ಟುನಿಟ್ಟಾಗಿ ನೋಡುವುದಿಲ್ಲ, ನಿಜ. ಸುತ್ತಲಿನ ಹೊಲಗಳೆಲ್ಲ ಲೇಔಟ್ ಆಗಿ, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಜಿಮ್ ಬಂದಿದೆ. ಆದರೆ ಹೊಲ ಲೇಔಟ್ ಆದಷ್ಟು ಸುಲಭವಾಗಿ ಅಭ್ಯಾಸ ಲೇಔಟ್ ಆಗುವುದಿಲ್ಲ.

ಹಾಗಾಗಿ ನಮ್ಮವರು, ಅಂದರೆ ನನ್ನ ಗಂಡ, ಮದುವೆಯಾದ ದಿನದಿಂದಲೂ ನಡುವೆ ನಿಂತು ಮಾತು ದಾಟಿಸುತ್ತಿದ್ದರು. "ಸಾರು ಇನ್ನೊಂದ್ಸಲ ಬಡಿಸ್ಲಾ ಕೇಳಿ" ಎಂದು ನಾನು. "ಬ್ಯಾಡ ಅನ್ನು" ಎಂದು ಮಾವ. ನಮ್ಮ ಮಧ್ಯೆ ಇರುತ್ತಿದ್ದದ್ದು ಒಂದು ಸಾರಿನ ಪಾತ್ರೆ ಮಾತ್ರ. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ನಮ್ಮವರು ದಾಟಿಸುವ ತನಕ ಇಬ್ಬರೂ ಕಿವುಡರಂತೆ ಕಾಯುತ್ತಿದ್ದೆವು. ಅವರೋ, ದಾಟಿಸುವಾಗ ಸುಮ್ಮನೆ ದಾಟಿಸುವವರಲ್ಲ. "ಉಪ್ಪು ಸಾಕಾ ಕೇಳಿ" ಎಂದು ನಾನು ಹೇಳಿದರೆ, "ಅಪ್ಪ, ನಿನ್ ಸೊಸೆ ಚಿನ್ನದ ಓಲೆ ಕೇಳ್ತಾವ್ಳೆ" ಎನ್ನುತ್ತಿದ್ದರು. ಮಾವ ಮುದ್ದೆಯನ್ನು ಗಬಕ್ಕನೆ ನುಂಗಿ ಎದ್ದುಬಿಡುತ್ತಿದ್ದರು.

ಹೋದ ವರ್ಷ ನಮ್ಮವರು ಹೋದರು. ಬೆಳಿಗ್ಗೆ ಎದೆನೋವು ಎಂದರು, ಅಷ್ಟೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನಮಗೆ ಮಕ್ಕಳಿಲ್ಲ, ಅತ್ತೆ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಉಳಿದವರು ಮಾತಾಡುವಂತಿಲ್ಲದ ಇಬ್ಬರು ಮತ್ತು ಒಂದು ಬೆಕ್ಕು. ಹೀಗೆ ನಮ್ಮವರ ಕೆಲಸ ಬೆಕ್ಕಿನ ಪಾಲಿಗೆ ಬಂತು. "ಬೆಕ್ಕೇ, ಊಟಕ್ಕೆ ಬಡಿಸಿದೀನಿ ಅಂತ ಹೇಳು" ಎಂದು ನಾನು ಅಡುಗೆಮನೆಯಿಂದ ಕೂಗುವುದು. ಮಾವ ಬೆಕ್ಕಿಗೆ ಮರ್ಯಾದೆ ಕೊಡದೆ ಬಾಗಿಲಿಗೆ ಹೇಳುತ್ತಿದ್ದರು: "ಬಿಸ್ನೀರು ಕಾದಿದ್ರೆ ಆಗ್ತಿತ್ತು." ಬೆಕ್ಕು ಮತ್ತು ಬಾಗಿಲು ಎಷ್ಟಾದರೂ ಸರಕಾರಿ ಕಚೇರಿ ಇದ್ದ ಹಾಗೆ; ಅರ್ಜಿ ತೆಗೆದುಕೊಳ್ಳುತ್ತವೆ, ಉತ್ತರ ಕೊಡುವುದಿಲ್ಲ. ದಿನ ಕಳೆದಂತೆ ಮಾವನ ಅರ್ಜಿಗಳೂ ಕಡಿಮೆಯಾದವು.

ಇನ್ನು ಲಾರಿಯ ವಿಷಯ ಹೇಳಬೇಕು. ನಮ್ಮವರು ಏರ್‌ಪೋರ್ಟಿಗೆ ಬಾಡಿಗೆ ಕಾರು ಓಡಿಸುತ್ತಿದ್ದರು. ದಿನವಿಡೀ ಹೆಬ್ಬಾಳದ ಫ್ಲೈಓವರಿನಲ್ಲಿ ಸಿಕ್ಕಿಕೊಂಡು ಮನೆಗೆ ಬಂದವರು ಕೈಕಾಲು ತೊಳೆದು ಮತ್ತೆ ಸ್ಟೀರಿಂಗ್ ಹಿಡಿಯುತ್ತಿದ್ದರು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಒಂದು ಲಾರಿ ಓಡಿಸುವ ಆಟ. ಅದಕ್ಕೆಂದೇ ಮೇಜಿಗೆ ಬಿಗಿಯುವ ಸ್ಟೀರಿಂಗು, ಕೆಳಗೆ ಪೆಡಲು. "ಹಗಲೆಲ್ಲ ಓಡ್ಸಿದ್ದು ಸಾಲ್ದಾ?" ಎಂದು ನಾನು ಕೇಳಿದರೆ, "ಹಗಲು ಓಡ್ಸಲ್ಲ ಕಣೇ, ನಿಲ್ಸಿರ್ತೀನಿ. ಓಡ್ಸೋದು ಇಲ್ಲೇ" ಎನ್ನುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಮಾವ. ವಯಸ್ಸಿನಲ್ಲಿ ಇಟ್ಟಿಗೆ ಲಾರಿಯ ಕ್ಲೀನರ್ ಆಗಿದ್ದವರು ಅವರು. ಯಾವುದೋ ದೇಶದ ಹಿಮದ ರಸ್ತೆಯಲ್ಲಿ ಮಗ ಲಾರಿ ಹಿಂದೆ ತೆಗೆಯುತ್ತಿದ್ದರೆ, ಕುರ್ಚಿಯ ಕೈ ತಟ್ಟುತ್ತ "ರೈಟ್... ರೈಟ್... ಓಲ್ಡಾನ್!" ಎಂದು ಕೂಗುತ್ತಿದ್ದರು.

ಮಗ ಹೋದ ಮೇಲೂ ಮಾವ ದಿನಾ ಸಂಜೆ ಅದನ್ನು ಆನ್ ಮಾಡುತ್ತಿದ್ದರು. ಓಡಿಸಲು ಬಾರದು. ಒಂದು ಪೆಟ್ರೋಲ್ ಬಂಕಿನ ಪಕ್ಕ ನಮ್ಮವರು ನಿಲ್ಲಿಸಿಹೋದ ನೀಲಿ ಲಾರಿ ಹಾಗೇ ನಿಂತಿರುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ ಆಫ್ ಮಾಡುವರು. ಒಂದು ಸಂಜೆ ಕರೆಂಟು ಹೋಗಿ ಬಂತು. ಪರದೆ ಮಾತ್ರ ಬೆಳಗಲಿಲ್ಲ. ಮಾವ ಬಾಗಿಲಿಗೆ ಹೇಳಿದರು: "ಅದೂ ಓಯ್ತು."

ಆ 'ಅದೂ' ಎನ್ನುವ ಮಾತು ನನ್ನನ್ನು ಹೆದರಿಸಿತು. ಅಂದು ಮಾವ ಮುದ್ದೆ ಅರ್ಧ ಬಿಟ್ಟರು, ಮರುದಿನ ಪೂರ್ತಿ ಬಿಟ್ಟರು. ಬೆಕ್ಕಿನ ಮೂಲಕ ಎಷ್ಟು ಕೇಳಿದರೂ ಉತ್ತರವಿಲ್ಲ. ಈ ಮನುಷ್ಯ ಹೀಗೇ ಒಣಗಿ ಮಗನ ಹಿಂದೆ ಹೊರಟುಬಿಡುತ್ತಾರೆ ಎನಿಸಿತು. ಕೊನೆಗೆ ಒಂದು ದಿನ ಬೆಕ್ಕಿಗೆ ಗಟ್ಟಿಯಾಗಿ ಹೇಳಿದೆ: "ನಾಳೆ ಯಲಹಂಕಕ್ಕೆ ಹೋಗಿ ಆ ಆಟದ ಟೀವಿ ಹೊಸದು ತರ್ತೀನಿ. ಬರೋರು ಬರ್ಬಹುದು." ಬೆಳಿಗ್ಗೆ ನೋಡಿದರೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಗೇಟಿನ ಬಳಿ ನಿಂತಿದ್ದಾರೆ. ನನಗೋ, ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ಜಾತ್ರೆಗೆ ಹೊರಟ ಹುಡುಗಿಯ ಉತ್ಸಾಹ. ವರ್ಷವೆಲ್ಲ ನನಗೆ ಏನೂ ಬೇಕೆನಿಸಿರಲಿಲ್ಲ. ಅಂದು ಒಂದು ವಸ್ತು ಬೇಕೇ ಬೇಕೆನಿಸಿತ್ತು.

ಸಿಟಿ ಬಸ್ಸು ನಮ್ಮ ಮನೆತನಕ್ಕೆ ಹೇಳಿ ಮಾಡಿಸಿದ್ದು: ಹೆಂಗಸರು ಮುಂದೆ, ಗಂಡಸರು ಹಿಂದೆ. ಇಳಿಯುವ ಜಾಗ ಬಂದಾಗ ಮಾತ್ರ ಕಂಡಕ್ಟರನ್ನು ಕರೆದು, "ಹಿಂದೆ ಕೂತಿರೋ ಬಿಳೀ ಅಂಗಿ ತಾತಂಗೆ ಇಳೀಬೇಕು ಅಂತ ಹೇಳಿ" ಎಂದೆ. "ನಿಮ್ಗೇನಾಗ್ಬೇಕು ಅವ್ರು?" ಎಂದ. "ಮಾವ" ಎಂದೆ. ಕಂಡಕ್ಟರ್ ನನ್ನನ್ನು ಒಂದು ಸಲ, ಮಾವನನ್ನು ಒಂದು ಸಲ ನೋಡಿ, "ಮಾವನೋರೇ, ಸೊಸೆ ಕರೀತಾವ್ರೆ!" ಎಂದು ಬಸ್ಸೆಲ್ಲ ಕೇಳುವಂತೆ ಕೂಗಿದ.

ಯಲಹಂಕ ನ್ಯೂ ಟೌನಿನ ಆ ಅಂಗಡಿಯಲ್ಲಿ ಗೋಡೆ ತುಂಬ ಪರದೆಗಳು. ಒಂದರಲ್ಲಿ ಕಾರು, ಒಂದರಲ್ಲಿ ಯುದ್ಧ, ಒಂದರಲ್ಲಿ ಸುಮ್ಮನೆ ಒಂದು ಗಿಣಿ. ನನ್ನ ಎದೆ ಸೀರೆ ಅಂಗಡಿಗೆ ಹೊಕ್ಕಾಗಲೂ ಹಾಗೆ ಹೊಡೆದುಕೊಂಡಿರಲಿಲ್ಲ. ಮಾರುವ ಹುಡುಗ ಗದಗದ ಕಡೆಯವನು. "ಬರ್ರಿ ಅಕ್ಕಾರ, ಬರ್ರಿ ಅಜ್ಜಾರ, ಏನ್ ಬೇಕಾಗಿತ್ರಿ?" ಎಂದ. ನಾನು ಮೊದಲು ಕೇಳಿದ್ದು ಬೆಲೆಯಲ್ಲ. "ಹಳೇ ಪರದೆ ಕೆಟ್ಟೋಗಿದೆ. ಅದ್ರಲ್ಲಿ ಒಂದು ಲಾರಿ ನಿಲ್ಸಿದ್ರು. ಅದು ಪರದೆ ಜೊತೆ ಹೋಯ್ತಾ?" ಎಂದೆ. ಮಾವ ಬೇರೆಡೆ ನೋಡುತ್ತಿದ್ದರೂ ಕಿವಿ ಇಲ್ಲೇ ಇತ್ತು.

"ಎಲ್ಲಿ ಹೋಗ್ತೈತ್ರಿ ಅಕ್ಕಾರ, ಲಾರಿ ಕಂಪ್ಯೂಟರ್ ಪೆಟ್ಟಿಗ್ಯಾಗ ಐತಿ. ಮಾನಿಟರ್ ಅಂದ್ರ ಬರೇ ಕಿಟಕಿ" ಎಂದ ಹುಡುಗ. ಮಾವ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಅಂಗಡಿಯಲ್ಲಿ ಏಸಿ ಇತ್ತು.

ಆಮೇಲೆ ಶುರುವಾಯಿತು ವ್ಯಾಪಾರ. ಹುಡುಗ ಚಿಕ್ಕದರಿಂದ ಹೊರಟ. ಹತ್ತು ಸಾವಿರದ ಒಳಗಿನದು ಇಪ್ಪತ್ತನಾಲ್ಕು ಇಂಚು, ಅಗ್ಗ, ಆಟಕ್ಕೆ ತಕ್ಕಮಟ್ಟಿಗೆ ಸಾಕು. ಅದರ ಮೇಲೆ ಹದಿನೈದರ ಆಸುಪಾಸಿನವು, ಇಪ್ಪತ್ತೇಳು ಇಂಚು. ಇಪ್ಪತ್ತೈದು ಸಾವಿರ ದಾಟಿದರೆ ಚಿತ್ರ ಇನ್ನೂ ನುಣುಪು. ಐವತ್ತು ಸಾವಿರದ ಮೇಲೆ ಗೋಡೆಯಗಲದ್ದು. ಅದು ಬಿಲ್ಲಿನಂತೆ ಬಾಗಿತ್ತು. ನಾನು ಬೆರಗಾಗಿ ನಿಂತಿದ್ದಾಗ ಮಾವ ಹುಡುಗನ ಕಿವಿಯ ಬಳಿ, "ಆಯಮ್ಮಂಗೆ ಯೋಳಪ್ಪ, ಇದು ಬಗ್ಗೋಗದೆ. ಡ್ಯಾಮೇಜ್ ಮಾಲು. ಕಮ್ಮಿಗೆ ಕೊಡೋದಾದ್ರೆ ನೋಡಾಣ" ಎಂದರು. ಅದೇ ಎಲ್ಲಕ್ಕಿಂತ ದುಬಾರಿ ಎಂದು ತಿಳಿದಾಗ, ಈ ಊರಲ್ಲಿ ಇನ್ನು ಯಾರನ್ನೂ ನಂಬುವಂತಿಲ್ಲ ಎಂಬ ಮುಖ ಮಾಡಿದರು.

ನಾನೂ ಕಡಿಮೆಯೇನಲ್ಲ. ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಅಂಗಡಿಯ ದೀಪದಲ್ಲಿ ಬಣ್ಣ ನೋಡಿ ಮೋಸ ಹೋಗಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. "ಸ್ವಲ್ಪ ಬಾಗ್ಲತ್ರ ಬೆಳಕಿಗೆ ತನ್ನಿ, ಬಣ್ಣ ನೋಡ್ತೀನಿ" ಎಂದುಬಿಟ್ಟೆ. ಹುಡುಗ ಪರದೆಯ ವೈರನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ, "ಅಕ್ಕಾರ, ಇದಕ್ಕ ಬೆಳಕು ಒಳಗಿಂದ ಬರತೈತ್ರಿ" ಎಂದು ವಿನಯದಿಂದ ಹೇಳಿದ.

ಇಪ್ಪತ್ತೇಳು ಇಂಚಿನದನ್ನು ತೋರಿಸುತ್ತ, "ಇದರ ರಿಫ್ರೆಶ್ ರೇಟ್ ನೂರಾ ಎಂಬತ್ತು ಐತ್ರಿ" ಎಂದ. ರೇಟು ಎಂದರೆ ನಮಗೆ ಒಂದೇ. ನೂರ ಎಂಬತ್ತು ರೂಪಾಯಿಗೆ ಏನೋ ಸೇವೆ ಮಾಡಿಕೊಡುತ್ತಾರೆ ಎಂದು ನಾನು ತಿಳಿದೆ. ಮಾವನಿಗೆ ಆ ಸಂಶಯವೂ ಬರಲಿಲ್ಲ. "ಜಾಸ್ತಿ ಆಯ್ತು. ನೂರು ಮಾಡ್ಕೊ" ಎಂದರು. "ಅಜ್ಜಾರ, ರೇಟ್ ಅಂದ್ರ ರೊಕ್ಕ ಅಲ್ರಿ! ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗ್ತೈತಿ. ಕಮ್ಮಿ ಆದ್ರ ಲಾರಿ ಜಗ್ಗಿ ಜಗ್ಗಿ ಹೋದಂಗ ಕಾಣ್ತೈತಿ" ಎಂದು ಹುಡುಗ ವಿವರಿಸಿದ. "ಎಲ್ಲಾರೂ ಇಂಗೇ ಯೋಳದು. ನೂರು" ಎಂದರು ಮಾವ. ಹುಡುಗ ಸೋತು, ನನ್ನ ಫೋನಿನಲ್ಲಿದ್ದ ಕಂಪ್ಯೂಟರ್ ಪೆಟ್ಟಿಗೆಯ ಫೋಟೊ ನೋಡಿದ. ನೋಡಿ ತಲೆ ಕೆರೆದುಕೊಂಡ. "ಅಜ್ಜಾರು ಹೇಳಿದ್ದ ಖರೇರಿ ಅಕ್ಕಾರ. ನಿಮ್ಮ ಹಳೇ ಪೆಟ್ಟಿಗಿ ನೂರಕ್ಕಿಂತ ಜಾಸ್ತಿ ಎಳಿಯಂಗಿಲ್ಲ. ಸುಮ್ನ ರೊಕ್ಕ ದಂಡ. ಇದ ಸೈಜಿನ್ಯಾಗ ನೂರರದ್ದು ಐತಿ, ಅದನ್ನ ಒಯ್ರಿ." ಹೀಗೆ ಮಾವ ರೇಟನ್ನು ಎಂಬತ್ತು ಕಮ್ಮಿ ಮಾಡಿಸಿದರು. ಇವತ್ತಿಗೂ ಊರಲ್ಲಿ ಹಾಗೇ ಹೇಳಿಕೊಂಡು ತಿರುಗುತ್ತಾರೆ.

"ನೋಡೋರು ಎಲ್ಲಿ ಕುಂದರ್ತೀರಿ?" ಎಂದು ಹುಡುಗ ಕೇಳಿದ. "ಅವ್ರು ಕುರ್ಚಿ ಮೇಲೆ, ನಾನು ಅಡುಗೆಮನೆ ಬಾಗ್ಲಲ್ಲಿ ನಿಂತಿರ್ತೀನಿ" ಎಂದೆ. "ಹಂಗಾರ ಐಪಿಎಸ್ ಬೇಕ್ರಿ" ಎಂದ. ಮಾವ ಒಂದು ಹೆಜ್ಜೆ ಹಿಂದೆ ಸರಿದು, "ಪೋಲೀಸ್ನೋರು ಯಾಕಪ್ಪ ಇದ್ಕೆ?" ಎಂದರು. ಅದು ಪರದೆಯ ಒಂದು ಜಾತಿ, ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಹುಡುಗ ಪೆಟ್ಟಿಗೆ ಕಟ್ಟುತ್ತ, "ರೆಸ್ಪಾನ್ಸ್ ಟೈಮು ಒಂದು ಮಿಲಿಸೆಕೆಂಡ್ ರೀ, ಕಣ್ಣು ಪಿಳುಕಿಸೋದ್ರಾಗ ಉತ್ತರ ಕೊಡ್ತೈತಿ" ಎಂದು ಹೊಗಳಿ, ಸಹಜವಾಗಿ ಕೇಳಿದ: "ಲಾರಿ ಓಡಸೋರು ಯಾರ್ರಿ?"

ನಾನು ಮಾವನನ್ನು ನೋಡಲಿಲ್ಲ, ಮಾವ ನನ್ನನ್ನು ನೋಡಲಿಲ್ಲ. ಇಬ್ಬರೂ ಗೋಡೆಯ ಪರದೆಯಲ್ಲಿದ್ದ ಗಿಣಿಯನ್ನು ನೋಡಿದೆವು. ಓಡಿಸುತ್ತಿದ್ದವರು ಇಲ್ಲ ಎಂದು ಹೇಳುವ ಕೆಲಸ ಯಾರದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆಗ ಮಾವ ಗಂಟಲು ಸರಿಮಾಡಿಕೊಂಡು ಗಿಣಿಗೆ ಹೇಳಿದರು: "ಆಯಮ್ಮ ಓಡುಸ್ತಾಳೆ."

ಸ್ಕೂಟರೂ ಓಡಿಸದ ನನಗೆ ಹೀಗೆ ಒಂದು ಗಿಣಿಯ ಸಮ್ಮುಖದಲ್ಲಿ ಲಾರಿ ಒಪ್ಪಿಸಲಾಯಿತು.

ಮನೆಗೆ ಬಂದು ಎರಡು ವೈರು ಸಿಕ್ಕಿಸಿದ್ದೂ ನಾನೇ. ಪರದೆ ಬೆಳಗಿತು. ನೀಲಿ ಲಾರಿ ನಿಲ್ಲಿಸಿದ ಜಾಗದಲ್ಲೇ ನಿಂತಿತ್ತು. ಹಳೆಯ ಪರದೆಯಲ್ಲಿ ಕಾಣದ ಒಂದು ಮರ ಅದರ ಹಿಂದೆ ಇತ್ತು. ಬಂಕಿನಲ್ಲಿ ನೆರಳು ಹುಡುಕಿ ಗಾಡಿ ನಿಲ್ಲಿಸುವುದು ನಮ್ಮವರ ಅಭ್ಯಾಸ. ಮಾವ ಹೊಚ್ಚಹೊಸ ಪರದೆಯನ್ನು ಟವೆಲಿನಿಂದ ಒರೆಸಿದರು. ನಾನು ಸ್ಟೂಲ್ ಎಳೆದು ಕೂತೆ. ಮಾವನ ಎದುರು ಕೂರಬಾರದು, ನಿಜ. ಆದರೆ ನನ್ನ ಎದುರು ಇದ್ದದ್ದು ಮಾನಿಟರ್. ಮಾವ ಇದ್ದದ್ದು ಪಕ್ಕದಲ್ಲಿ. ಪಕ್ಕದಲ್ಲಿ ಕೂರಬಾರದೆಂದು ಯಾರೂ ಹೇಳಿರಲಿಲ್ಲ.

ಪೆಡಲ್ ನನಗೆ ಹೊಸದೇನಲ್ಲ. ಹೊಲಿಗೆ ಮಷಿನ್ನಿಗೆ ಮೋಟಾರ್ ಹಾಕಿಸಿದಾಗಿನಿಂದ ಬಲಗಾಲಲ್ಲಿ ಅದನ್ನೇ ಒತ್ತುತ್ತಿದ್ದೇನೆ. ನೇರ ಹೊಲಿಗೆಗೆ ಜೋರಾಗಿ ಒತ್ತುವುದು, ಅಂಚು ಬಂದಾಗ ಕಾಲೆತ್ತುವುದು. ಹಾಗೇ ಒತ್ತಿದೆ. ಲಾರಿ ಹೊರಟಿತು! ಬಂಕು ದಾಟಿತು, ರಸ್ತೆಗಿಳಿಯಿತು. ನನ್ನ ಮೈಯೆಲ್ಲ ಝುಂ ಎಂದಿತು. ಮುಂದೆ ತಿರುವು ಬಂತು. ಅಂಚು ಬಂತಲ್ಲ ಎಂದು ಕಾಲೆತ್ತಿದೆ. ಲಾರಿ ನಿಲ್ಲಲಿಲ್ಲ.

"ಬ್ರೇಕು! ಬ್ರೇಕು ಒತ್ತಮ್ಮೀ! ಕಾಲೆತ್ತುದ್ರೆ ನಿಂತ್ಕೊಳಾಕೆ ಇದೇನ್ ಒಲಿಗೆ ಮಿಷಿನ್ನಾ!"

"ಗೊತ್ತಾಯ್ತು ಮಾವ, ಕಿರುಚ್ಬೇಡಿ!"

ಲಾರಿ ಬೇಲಿಗೆ ಗುದ್ದಿ ನಿಂತಿತು. ಮನೆಯೂ ನಿಂತಂತಾಯಿತು. ಮೂವತ್ತು ವರ್ಷಕ್ಕೂ ಮೀರಿ ತಡೆದಿದ್ದ ಮಾತಿಗೆ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿದ್ದೆ. ಬೆಕ್ಕು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೈಮುರಿದು, ಹೊರಗೆ ಹೋಯಿತು. ಮಾವ ಮೆಲ್ಲಗೆ ಕುರ್ಚಿಯ ಕೈ ತಟ್ಟಿದರು. "ರಿವರ್ಸ್ ತಕ್ಕೊ. ನಿದಾನಕ್ಕೆ. ರೈಟ್... ರೈಟ್..."

ಅಂದು ಮುದ್ದೆ ಎರಡು ಇಳಿದವು. ಈಗ ಉಪ್ಪು ಕಡಿಮೆಯಾದರೂ ನನಗೇ ಹೇಳುತ್ತಾರೆ, ಹೆಚ್ಚಾದರೂ ನನಗೇ ಹೇಳುತ್ತಾರೆ. ಕೆಲವು ದಿನ ಬೆಕ್ಕಿನ ಕಾಲವೇ ವಾಸಿಯಿತ್ತು ಎನಿಸುವುದುಂಟು. ನನ್ನ ಕೆಲಸವೂ ಹಿಂದೆ ಬಿದ್ದಿದೆ. ಮೊನ್ನೆ ಪಕ್ಕದ ಬೀದಿಯ ಟೀಚರಮ್ಮ ಫಾಲ್ ಹಚ್ಚಲು ಕೊಟ್ಟಿದ್ದ ಸೀರೆ ಕೇಳಿಕೊಂಡು ಗೇಟಿನ ಬಳಿ ಬಂದರು. ನಾನು ಭಾರಿ ಸರಕು ಹೇರಿಕೊಂಡು ಒಂದು ಬೆಟ್ಟ ಹತ್ತುತ್ತಿದ್ದೆ. ಮಾವನೇ ಕಿಟಕಿಯಿಂದ, "ಅವ್ಳು ಲೋಡ್ ತಕ್ಕೊಂಡ್ ಓಗವ್ಳೆ ಕಣಮ್ಮ!" ಎಂದು ಕೂಗಿದರು. "ನಾಡಿದ್ದು ಮದ್ವೆ ಇದೆ ತಾತ, ನಾಳೆ ಸೀರೆ ಬೇಕೇ ಬೇಕು ಅಂತ ಹೇಳಿ" ಎಂದರು ಟೀಚರಮ್ಮ. ಒಂದೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾವ ಬಂದು ಕುರ್ಚಿಯಲ್ಲಿ ಕೂತು ಮಾತು ದಾಟಿಸಿದರು:

"ಅರ್ಜೆಂಟೇನಿಲ್ಲ ಅಂದ್ಲು. ನೀ ಓಡ್ಸು."

ನಮ್ಮವರು ಆ ವಿದ್ಯೆಯನ್ನು ಯಾರಿಂದ ಕಲಿತಿದ್ದರೆಂದು ಆಗ ಗೊತ್ತಾಯಿತು. ನಾನೂ ಮೊದಲಿನಂತೆ, ದಾಟಿಬಂದ ಮಾತೊಂದೇ ಕೇಳಿಸಿದವಳ ಹಾಗೆ, ಪೆಡಲ್ ಒತ್ತಿದೆ.