ನಾಳೆಯಪ್ಪನವರ ಕುಂಬಳಬಳ್ಳಿ

"ಕಾಲಕ್ಕೆ ನನ್ನನ್ನು ಕಂಡರೆ ನಡುಕ" ಎಂದು ಗಡಿಯಾರ ರಿಪೇರಿಯವರು ಬೀಜದಂಗಡಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದರು. "ನಿಂತದ್ದನ್ನ ಓಡಿಸಿದೀನಿ, ಓಡಿದ್ದನ್ನ ಹಿಂದಕ್ಕೆ ತಿರುಗಿಸಿದೀನಿ. ಕೊಡ್ರೀ ಕುಂಬಳದ ಬೀಜ."

ಬೀಜದಂಗಡಿಯವನು ಪೊಟ್ಟಣ ಹುಡುಕುವಷ್ಟು ಹೊತ್ತೂ ನಕ್ಕ. "ಅಲ್ಲ ಸ್ವಾಮಿ, ಜನ ಬಳ್ಳಿ ಕಿತ್ತು ಗುಂಡಿಗೆ ಹಾಕ್ತಿದಾರೆ, ನೀವೀಗ ಬಿತ್ತೋಕೆ ಹೊರಟ್ರಾ? ಚಳಿ ಬಿದ್ರೆ ಬೇರು ಸಮೇತ ಹೋಗುತ್ತೆ, ನಾಳೆಯಪ್ಪನವರೇ."

ಆ ಹೆಸರು ಸುಮ್ಮನೆ ಬಂದದ್ದಲ್ಲ. ಗಡಿಯಾರ ಕೇಳಲು ಬಂದ ಗಿರಾಕಿಗಳಿಗೆಲ್ಲ ಅವರ ಉತ್ತರ ಒಂದೇ: "ನಾಳೆ ಬನ್ನಿ." ಸ್ವಂತ ಮದುವೆಯಲ್ಲೂ ಬೀಗರು ಉಂಡು ಕೈತೊಳೆದ ಮೇಲೆ ಗಂಡು ಬಂದಿತ್ತಂತೆ.

ಬೀಜವೇನೋ ಮನೆಗೆ ಬಂತು. ಆದರೆ ಹಿತ್ತಲಿನ ಮೇಲೆ ಹೆಂಡತಿಯ ಕಣ್ಣು ಬಹುದಿನದಿಂದ ಇತ್ತು. ಬಟ್ಟೆ ಒಣಹಾಕುವ ಹಗ್ಗ ಮನೆಯೊಳಗೇ ಇದ್ದುದರಿಂದ ಊಟಕ್ಕೆ ಕೂರಬೇಕಾದರೆ ಒದ್ದೆ ದುಪ್ಪಟಿಯ ಕೆಳಗೆ ತೆವಳಿ ಹೋಗಬೇಕಿತ್ತು.

"ಚಳಿ ಬೀಳೋದ್ರೊಳಗೆ ನಿಮ್ಮ ಕೈಯಿಂದ ಒಂದೇ ಒಂದು ಕಾಯಿ ಕಚ್ಚಲಿ, ಹಿತ್ತಲು ನಿಮ್ದು" ಎಂದರು ಆಕೆ. "ಇಲ್ಲಾಂದ್ರೆ ಅಲ್ಲಿ ನನ್ನ ಹಗ್ಗ."

"ಒಪ್ಪಿದೆ."

ಬಳ್ಳಿ ಹಬ್ಬಿತು. ಹಬ್ಬಿತು ಎಂದರೆ ಎಂಥದು? ಹಿತ್ತಲ ಬಾಗಿಲು ತೆರೆದು ಮಲಗಿದರೆ ಬೆಳಗಾಗುವಷ್ಟರಲ್ಲಿ ಮಂಚದ ಕಾಲಿಗೆ ಸುತ್ತಿಕೊಂಡಿರುತ್ತಿತ್ತು. ಹೂವಿಗೂ ಬರವಿರಲಿಲ್ಲ. ಆದರೆ ಜೇನುಹುಳುಗಳು ಆ ವರ್ಷದ ಕೆಲಸ ಮುಗಿಸಿ ಗೂಡು ಸೇರಿದ್ದವು. ಆ ಹುದ್ದೆಯನ್ನು ರಿಪೇರಿಯವರೇ ವಹಿಸಿಕೊಂಡರು. ಕಣ್ಣಿಗೆ ದಪ್ಪ ಮಸೂರ, ಕೈಯಲ್ಲಿ ಹಲ್ಲುಚಕ್ರದ ಧೂಳು ತೆಗೆಯುವ ಕುಂಚ. ಹೂವಿಂದ ಹೂವಿಗೆ ಪರಾಗ ಒರೆಸುವಾಗ ಬಾಯಲ್ಲಿ ಸಣ್ಣಗೆ ಗುಂಯ್‌ಗುಟ್ಟುತ್ತಲೂ ಇದ್ದರು.

ವಾರ ಕಳೆದರೂ ಕಾಯಿಯಿಲ್ಲ. ಹೆಂಡತಿ ಬಂದು ಇಣುಕಿದರು. "ಯಾವುದರಿಂದ ಯಾವುದಕ್ಕೆ ಒರೆಸ್ತಿದೀರಿ?"

"ಇದರಿಂದ ಅದಕ್ಕೆ. ಅದರಿಂದ ಇದಕ್ಕೆ."

"ರೀ, ಎರಡೂ ಗಂಡುಹೂವು. ಹೆಣ್ಣುಹೂವಿಗೆ ಬುಡದಲ್ಲೇ ಪುಟ್ಟ ಕಾಯಿ ಇರುತ್ತೆ. ಇಷ್ಟು ದಿನ ಗಂಡಸರಿಗೆ ಗಂಡಸರನ್ನೇ ಪರಿಚಯ ಮಾಡಿಸ್ತಿದ್ರಾ?"

ಹುಡುಕಿದಾಗ ಇಡೀ ಬಳ್ಳಿಗೆ ಇದ್ದದ್ದು ಒಂದೇ ಒಂದು ಹೆಣ್ಣುಮೊಗ್ಗು. ಗಾಳಿ ಆಗಲೇ ತಣ್ಣಗಾಗಿತ್ತು. "ನಾಳೆ ಬೆಳಿಗ್ಗೆ ಅರಳುತ್ತೆ, ಬಿಸಿಲೇರೋದ್ರೊಳಗೆ ಮುಚ್ಕೊಳ್ಳುತ್ತೆ" ಎಂದರು ಹೆಂಡತಿ. "ಎದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ರಿಪೇರಿಯವರು ಅಂಗಡಿಯಲ್ಲಿದ್ದ ಅಲಾರಾಂ ಗಡಿಯಾರಗಳನ್ನೆಲ್ಲ ತಂದು ಮಂಚದ ಸುತ್ತ ಕೋಟೆ ಕಟ್ಟಿ ಮಲಗಿದರು. ಆದರೆ ವಾಸಿಯಾದ ಗಡಿಯಾರಗಳು ಯಜಮಾನರ ಮನೆಗೆ ಹೋಗಿರುತ್ತವೆ. ರಿಪೇರಿಯವರ ಬಳಿ ಉಳಿಯುವುದು ರೋಗಿಗಳು ಮಾತ್ರ. ಅದು ಅವರಿಗೆ ಹೊಳೆಯಲಿಲ್ಲ. ಒಂದು ಗಡಿಯಾರ ಹಿಂದಿನ ಸಂಜೆಯೇ ಬಡಿದು ಕರ್ತವ್ಯ ಮುಗಿಸಿತ್ತು. ಇನ್ನೊಂದು ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಮಿಕ್ಕವು ರಿಪೇರಿಯವರಂತೆಯೇ ಗಾಢನಿದ್ರೆಯಲ್ಲಿದ್ದವು.

ಬಿಸಿಲು ಮೂಗು ಸುಟ್ಟಾಗ ರಿಪೇರಿಯವರು ಹಾರಿ ಎದ್ದರು. ಪೈಜಾಮ ಮಾತ್ರ ಅವರ ಜೊತೆ ಏಳಲಿಲ್ಲ. ಲಾಡಿಯೇ ಇಲ್ಲ! ಒಂದು ಕೈಯಲ್ಲಿ ಪೈಜಾಮ, ಇನ್ನೊಂದರಲ್ಲಿ ಕುಂಚ ಹಿಡಿದು ಓಡಿದರು. ಹೂವು ಜಿಪುಣನ ಮುಷ್ಟಿಯಂತೆ ಮುಚ್ಚಿತ್ತು. ಆದರೂ ಬಿಡದೆ, ಹೊರಮೈಗೇ ಎರಡು ಸಲ ಪರಾಗ ಬಳಿದರು. ಹೆಂಡತಿ ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದರು.

ಆಶ್ಚರ್ಯವೆಂದರೆ, ಕಾಯಿ ಕಚ್ಚಿತು. ದಿನದಿನಕ್ಕೆ ಉಬ್ಬಿತು. ರಿಪೇರಿಯವರು ಅದಕ್ಕಿಂತ ಬೇಗ ಉಬ್ಬಿದರು. ಬೀಜದಂಗಡಿಯವನನ್ನು ಕರೆತಂದು, ಒಂದು ಕೈಯಲ್ಲಿ ಬಳ್ಳಿ ತೋರಿಸುತ್ತ, "ಮುಚ್ಚಿದ ಹೂವಿಗೂ ಇಳೀತು ನೋಡಿ ನನ್ನ ಕೈಗುಣ" ಎಂದರು. ಇನ್ನೊಂದು ಕೈ ಸೊಂಟದಲ್ಲೇ ಇತ್ತು. ಹೊಸ ಲಾಡಿಯನ್ನು ನಾಳೆ ತರುವುದೆಂದು ತೀರ್ಮಾನವಾಗಿ ವಾರವಾಗಿತ್ತು.

ಅಂಗಡಿಯವನು ಅಗಲವಾದ ಎಲೆ ಎತ್ತಿದ. ಕಾಯಿಯ ಪಕ್ಕದಲ್ಲೇ ಬಳ್ಳಿಯನ್ನು ಒಂದು ಗೂಟಕ್ಕೆ ನೀಲಿ ಪಟ್ಟೆಯ ದಾರದಲ್ಲಿ ಬಿಗಿಯಲಾಗಿತ್ತು. ಮಸೂರದಲ್ಲಿ ಕಾಯಿಯ ಒಂದೊಂದು ರೋಮವನ್ನೂ ನೋಡಿದ್ದ ರಿಪೇರಿಯವರು ಅದನ್ನು ನೋಡಿರಲಿಲ್ಲ.

"ಇದು ಲಾಡಿಯಲ್ವಾ ಸ್ವಾಮಿ?" ಎಂದ ಅವನು, ಅವರ ಸೊಂಟದ ಮುಷ್ಟಿಯನ್ನೇ ನೋಡುತ್ತ.

ಹೆಂಡತಿ ಬಕೆಟ್ಟು ಕೆಳಗಿಟ್ಟರು. "ಹೂವು ಅರಳಿದಾಗ ನಾನೆದ್ದಿದ್ದೆ. ಗಂಡುಹೂವು ಕಿತ್ತು ಒರೆಸಿದೆ. ಬಳ್ಳಿ ಜೋತುಬೀಳ್ತಿತ್ತು, ಕಟ್ಟೋಕೆ ಏನಾದ್ರೂ ಬೇಕಿತ್ತು. ನೀವು ಹೇಗೂ ಎಲ್ಲಿಗೂ ಹೊರಟಿರ್ಲಿಲ್ಲ."

ಅಂದು ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆಯ ಹಗ್ಗ ಏರಿತು. ಕಟ್ಟಿದವರು ರಿಪೇರಿಯವರೇ, ಒಂದೇ ಕೈಯಲ್ಲಿ, ಹಲ್ಲಿನ ಸಹಾಯದಿಂದ.

"ಇನ್ನಾದ್ರೂ ಲಾಡಿ ಬಿಚ್ಚಿ ಕೊಡೇ" ಎಂದು ಮೆಲ್ಲಗೆ ಕೇಳಿದರು.

ಹೆಂಡತಿ ಒದ್ದೆ ದುಪ್ಪಟಿಯನ್ನು ಪಟಾರನೆ ಕೊಡವಿ ಹಗ್ಗದ ಮೇಲೆ ಹರಡಿದರು.

"ಕಾಯಿ ಇನ್ನೂ ಬಲಿತಿಲ್ಲ. ನಾಳೆ ಬನ್ನಿ."