ಎರಡು ಕೈಗೆ ಎರಡು ವಾಚು, ಹನ್ನೆರಡು ಬೇಲು

ಆರಿಸುವುದರಲ್ಲಿ ನನ್ನನ್ನು ಮೀರಿಸುವವನು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಎತ್ತಿನ ಬಾಯಿ ಬಿಡಿಸದೆ, ಅದು ನಿಂತಿರುವ ಠೀವಿ ನೋಡಿಯೇ ವಯಸ್ಸು ಹೇಳುತ್ತಿದ್ದೆ. ಹದವಾದ ಹೊಗೆಸೊಪ್ಪಿನ ಎಲೆಯನ್ನು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿ, ಇದು ಒಂದನೇ ನಂಬರು, ಇದು ಎರಡನೇ ನಂಬರು ಎಂದು ಬೇರೆ ಮಾಡುತ್ತಿದ್ದೆ. ಕಂಪಲಾಪುರದ ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತರೆ ಮಾರುವ ಹೆಂಗಸೇ, "ಬುಡಣ್ಣ, ಮಿಕ್ಕೋರ್ಗೂ ಒಂದೆರಡು ಒಳ್ಳೇವು ಉಳಿಸು" ಅನ್ನುತ್ತಿದ್ದಳು. ಇಂಥ ಚೆಲುವರಾಜು ಎರಡು ಕೈಗಡಿಯಾರದಲ್ಲಿ ಒಂದನ್ನು ಆರಿಸಲಾರದೆ ಒಂದು ವಾರ ಪಟ್ಟ ಪಾಡನ್ನು ಈಗ ಹೇಳುತ್ತೇನೆ. ನಗಬೇಡಿ ಅಂತ ಹೇಳುವುದಿಲ್ಲ, ಹೇಳಿದರೂ ನೀವು ಕೇಳುವವರಲ್ಲ.

ಅದು ಎರಡು ಸಾವಿರದ ಮೂರನೇ ಇಸವಿಯ ಕಾರ್ತಿಕ ಮಾಸ. ನನ್ನ ತಂಗಿ ರಾಧಾಳ ನಿಶ್ಚಿತಾರ್ಥ ಬರುವ ಭಾನುವಾರಕ್ಕೆ ಗೊತ್ತಾಗಿತ್ತು. ಅಪ್ಪ ಅವ್ವ ಹೋದಾಗ ಅವಳಿಗೆ ಎಂಟು ವರ್ಷ. ಅಲ್ಲಿಂದ ಅವಳನ್ನು ಸಾಕಿದವರು ನಾನು ಮತ್ತು ನನ್ನ ಹೆಂಡತಿ ಸುನಂದಮ್ಮ. ಗಂಡು ಬೆಟ್ಟದಪುರದ ಶಿವಶಂಕರ, ಸ್ಕೂಲ್ ಮೇಷ್ಟ್ರು. ನಮ್ಮ ಮನೆತನದಲ್ಲಿ ನಿಶ್ಚಿತಾರ್ಥದ ದಿನ ಗಂಡಿನ ಕೈಗೆ ವಾಚು ಕಟ್ಟುವುದು ಹೆಣ್ಣಿನ ಅಣ್ಣನ ಹಕ್ಕು. ಆ ಹಕ್ಕನ್ನು ಎಂಥ ವಾಚಿನಿಂದ ಚಲಾಯಿಸಬೇಕೆಂದರೆ ಏಳೂರು ಮಾತಾಡಬೇಕು ಎಂದು ನಾನು ತೀರ್ಮಾನಿಸಿದ್ದೆ.

ಸುನಂದಮ್ಮನ ತಮ್ಮ ಲಿಂಗರಾಜು ದುಬೈನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ರಜೆಗೆ ಬರುವಾಗ ಎರಡು ವಾಚು ತಂದ. ಆಟಗಾರರು, ದೊಡ್ಡ ಸಾಹುಕಾರರು ಕಟ್ಟುವಂಥ ವಾಚುಗಳು. "ಒಂದು ನಿಮಗೆ ಭಾವ, ಒಂದು ರಾಧಾಳ ಗಂಡಿಗೆ. ಯಾವುದು ಯಾರಿಗೆ ಅಂತ ನೀವೇ ಆರಿಸ್ಕಳಿ" ಎಂದು ಎರಡು ಡಬ್ಬಿ ನನ್ನ ಕೈಗಿಟ್ಟು ತನ್ನೂರಿಗೆ ಹೋದ. ಹೋಗುವಾಗ, ಸ್ಟೀಲ್ ಚೈನಿನ ವಾಚು ನಿಮ್ಮ ಕೈಗೆ ಸಡಿಲ, ಹುಣಸೂರಿನಲ್ಲಿ ಎರಡು ಕೊಂಡಿ ತೆಗೆಸಿಕೊಳ್ಳಿ ಅಂತಲೂ ಹೇಳಿದ್ದ. ದುಡ್ಡು ಕೊಟ್ಟು ತಂದದ್ದನ್ನು ಯಾರಾದರೂ ಕತ್ತರಿಸಿ ಎಸೆಯುತ್ತಾರಾ? ನಾನು ಅದನ್ನು ಮೊಣಕೈವರೆಗೆ ಏರಿಸಿ, ಮೇಲೆ ಅಂಗಿ ತೋಳು ಇಳಿಬಿಟ್ಟು ಕಟ್ಟಿಕೊಂಡೆ.

ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಕೂತೆ. ಎತ್ತಿಗೆ ಹೆಸರಿಡುವ ಅಭ್ಯಾಸ ನೋಡಿ, ವಾಚುಗಳಿಗೂ ಇಟ್ಟೆ. ಕಪ್ಪು ಮುಖ, ಕಪ್ಪು ರಬ್ಬರ್ ಬೆಲ್ಟು, ಸುತ್ತ ತಿರುಗುವ ಬಳೆ ಇದ್ದದ್ದು ಕರಿಯ. ಬಿಳಿ ಮುಖ, ಸ್ಟೀಲ್ ಚೈನು, ಹೊಟ್ಟೆಯೊಳಗೆ ಮೂರು ಮರಿ ಗಡಿಯಾರ, ಪಕ್ಕೆಯಲ್ಲಿ ಎರಡು ಗುಂಡಿ ಇದ್ದದ್ದು ಬಿಳಿಯ. ಒಳ್ಳೆಯದು ನನಗೆ, ಇನ್ನೊಂದು ಮೇಷ್ಟ್ರಿಗೆ. ಇಷ್ಟು ಸರಳ! ಆದರೆ ಒಳ್ಳೆಯದು ಯಾವುದು ಅನ್ನುವುದೇ ದಿನಕ್ಕೊಂದು ಥರ ಆಗುತ್ತಿತ್ತಲ್ಲ, ಏನು ಮಾಡಲಿ? ಕೊನೆಗೆ ಪರೀಕ್ಷೆ ಮಾಡಿಯೇ ತೀರುವುದೆಂದು ಎಡಗೈಗೆ ಕರಿಯನನ್ನೂ ಬಲಗೈಗೆ ಬಿಳಿಯನನ್ನೂ ಕಟ್ಟಿ ಊರೊಳಗೆ ಹೊರಟೆ.

ಕರಿಯ ಇನ್ನೂರು ಮೀಟರ್ ನೀರಿಗೆ ಇಳಿದರೂ ನಡೆಯುತ್ತದಂತೆ. ನಮ್ಮ ಬೋರ್‌ವೆಲ್ ಕೊರೆಸಿದ್ದೇ ಮುನ್ನೂರೈವತ್ತು ಅಡಿ. ಅದರ ತಳ ಮುಟ್ಟಿದ ಮೇಲೂ ಇವನಿಗೆ ಇನ್ನೂ ಮುನ್ನೂರು ಅಡಿಯ ಧೈರ್ಯ ಮಿಗುತ್ತಿತ್ತು. ಆ ಧೈರ್ಯಕ್ಕೆ ಮನಸೋತು ಸೋಮವಾರ ಕರಿಯನೇ ನನ್ನವನು ಅಂದುಕೊಂಡೆ. ಮಂಗಳವಾರ ಬಿಳಿಯನ ಗುಂಡಿ ಒತ್ತಿ ನೋಡಿದೆ, ಸೆಕೆಂಡನ್ನು ಹತ್ತು ಹೋಳು ಮಾಡಿ ಅಳೆಯುತ್ತಾನೆ! ಸುನಂದಮ್ಮ ಒಲೆಯ ಮುಂದೆ ದೊಣ್ಣೆಯಲ್ಲಿ ಮುದ್ದೆ ಹಿಟ್ಟು ತೊಳಸುವುದನ್ನು ಅಳೆದೆ, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಮಧ್ಯಾಹ್ನ ಮತ್ತೆ ಅಳೆದು, ಬೆಳಿಗ್ಗೆಗಿಂತ ಹದಿನೈದು ಸೆಕೆಂಡು ತಡ ಎಂದೆ. ಅವಳು ತಿರುಗಿ ನೋಡಿದಳು.

"ಇನ್ನೊಂದ್ ಸಲ ಆ ಗುಂಡಿ ಒತ್ತಿ. ಈ ದೊಣ್ಣೆ ನಿಮ್ ಬೆನ್ ಮೇಲೆ ಎಷ್ಟು ಸೆಕೆಂಡ್ ಆಡ್ತದೆ ಅಂತ ಅದನ್ನೂ ಅಳೀಬೌದು."

ಪರೀಕ್ಷೆ ಅಲ್ಲಿಗೆ ನಿಂತಿತು. ಆಮೇಲೆ ಅಭಿಪ್ರಾಯ ಸಂಗ್ರಹಕ್ಕೆ ಇಳಿದೆ. ಟೀ ಅಂಗಡಿಯವನು ಕರಿಯ ಅಂದ. ಹುಣಸೂರು ಬಸ್ಸಿನ ಕಂಡಕ್ಟರು ಬಿಳಿಯ ಅಂದ. ಕ್ಷೌರದಂಗಡಿಯಲ್ಲಿ ಎರಡು ಪಕ್ಷವಾಗಿ, ಅರ್ಧ ಗಡ್ಡ ಕೆರೆದವನನ್ನು ಹಾಗೇ ಬಿಟ್ಟು ವಾದ ಮಾಡಿದರು.

ಬುಧವಾರ ಎಷ್ಟು ಜನ ಬರುತ್ತಾರೆಂದು ಕೇಳಲು ಬೆಟ್ಟದಪುರಕ್ಕೆ ಹೋದೆ. ಅಲ್ಲಿ ನನ್ನ ನಾಲಗೆ ನನ್ನ ಕೈಮೀರಿತು. ಕಾಫಿ ಕೊಟ್ಟರು, ಹೋಳಿಗೆ ಕೊಟ್ಟರು, ನಾನು ತೋಳು ಮಡಿಸಿ ಬಿಳಿಯನನ್ನು ತೋರಿಸಿದೆ. ಎಲ್ಲರೂ ಹಾಂ ಅಂದರು. ಆ ಉಬ್ಬಿನಲ್ಲಿ, "ಮೇಷ್ಟ್ರಿಗೆ ಕಟ್ಟೋದು ಇದನ್ನೇ" ಎಂದುಬಿಟ್ಟೆ. ಬಸ್ಸು ಹತ್ತಿ ಊರು ಬಿಟ್ಟು ಎರಡು ಮೈಲಿ ಬರುವುದರೊಳಗೆ ಹೊಟ್ಟೆ ಉರಿಯತೊಡಗಿತು. ಮಾತು ಕೊಟ್ಟ ಮೇಲೆ ಗೊತ್ತಾಯಿತು, ನನಗೆ ಬೇಕಾದದ್ದು ಬಿಳಿಯನೇ! ಮನೆ ಸೇರುವ ಹೊತ್ತಿಗೆ ಉಪಾಯ ಸಿದ್ಧವಾಗಿತ್ತು. ಬಿಳಿ ವಾಚು ಕೆಟ್ಟಿದೆ, ದುಬೈಗೇ ವಾಪಸ್ ಕಳಿಸಬೇಕು ಅಂತ ಹೇಳಿ ಕರಿಯನನ್ನು ಮೇಷ್ಟ್ರಿಗೆ ದಾಟಿಸುವುದು. ಈ ಉಪಾಯವನ್ನು ಅಡುಗೆಮನೆಯ ಬಾಗಿಲಲ್ಲಿ ಸುನಂದಮ್ಮನಿಗೆ ಪಿಸುಗುಟ್ಟಿದೆ. ಒಳಗೆ ರಾಧಾ ಅವರೆಕಾಯಿ ಸುಲಿಯುತ್ತಾ ಕೂತದ್ದನ್ನು ನಾನು ನೋಡಿರಲಿಲ್ಲ.

ಗುರುವಾರ ಬೇಲು ಕಟ್ಟುವ ದಿನ. ಹದ ಮಾಡಿ ಬೇರ್ಪಡಿಸಿದ ಹೊಗೆಸೊಪ್ಪನ್ನು ಒತ್ತಿ ಒತ್ತಿ ತುಂಬಿ, ಮೇಲೆ ಗೋಣಿತಾಟು ಹೊಲಿದರೆ ಒಂದು ಬೇಲು. ಹರಾಜು ಕಟ್ಟೆಯಲ್ಲಿ ಬೇಲಿನೊಳಗೆ ಸೊಪ್ಪು ಬಿಟ್ಟು ಬೇರೆ ಏನು ಸಿಕ್ಕರೂ ಅಪಚಾರ. ದಾರದ ಎಳೆ, ಕೂದಲು, ಕೋಳಿ ಪುಕ್ಕ, ಏನೂ ಇರಬಾರದು. ಈ ವಿಷಯದಲ್ಲಿ ನಾನು ಮಹಾ ಕಟ್ಟುನಿಟ್ಟು. ಕೆಲಸಕ್ಕೆ ಬರುವ ಹೆಂಗಸರು ತಲೆಗೆ ಬಟ್ಟೆ ಕಟ್ಟಬೇಕು, ಹೂ ಮುಡಿಯಬಾರದು, ಬಳೆಯ ಮೇಲೆ ಬಟ್ಟೆ ಸುತ್ತಬೇಕು. ಅವತ್ತು ಹಿರಿಯಾಳು ಚಿಕ್ಕಸಿದ್ದಮ್ಮನ ಸೆರಗಿನಿಂದ ಒಂದು ನೂಲು ಜೋತಾಡುತ್ತಿತ್ತೆಂದು ಹತ್ತು ನಿಮಿಷ ಭಾಷಣ ಮಾಡಿದೆ. ಆಮೇಲೆ ನಾನೇ ಬಗ್ಗಿ, ಬೇಲಿನೊಳಕ್ಕೆ ಭುಜದವರೆಗೆ ಕೈ ತೂರಿಸಿ ಸೊಪ್ಪು ಒತ್ತಿದೆ. ಹನ್ನೆರಡು ಬೇಲಾಯಿತು. ಮೂರು ಗಂಟೆಗೆ ಬೇಲು ಹೊತ್ತ ಟ್ರ್ಯಾಕ್ಟರ್ ಹರಾಜು ಕಟ್ಟೆಗೆ ಹೊರಟಿತು. ಕೈ ತೊಳೆಯಲು ತೋಳು ಮಡಿಸಿದೆ. ಎಡಗೈಯಲ್ಲಿ ಕರಿಯ ಇದ್ದ. ಬಲಗೈ ಬೋಳು!

ಸಡಿಲ ಚೈನು ಯಾವುದೋ ಬೇಲಿನೊಳಗೆ ಕಳಚಿಕೊಂಡಿತ್ತು. ಸುನಂದಮ್ಮನ ಹತ್ತಿರ ಓಡಿ, ಬಿಳಿ ವಾಚು ಕಳೆದುಹೋಯಿತು ಎಂದೆ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಕಳೆದೋಯ್ತಾ? ಯಾವ ಪೆಟ್ಟಿಗೇಲಿ ಕಳೆದೋಯ್ತು?"

ಆಣೆ ಮಾಡಿದೆ. ದೇವರ ಪಟದ ಮುಂದೆ ನಿಂತೆ. ನೆನ್ನೆ ತಾನೇ ವಾಚು ಕೆಟ್ಟಿದೆ ಅಂತ ಸುಳ್ಳು ಹೂಡಿದವನ ಆಣೆಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಅಷ್ಟರಲ್ಲಿ ರಾಧಾ ಹೊರಗೆ ಬಂದಳು. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಬುಡಣ್ಣ. ಅದು ನಿಂಗಿಷ್ಟ ಅಂತ ನಂಗೊತ್ತು. ನೀನೇ ಕಟ್ಕೊ. ಅವರಿಗೆ ಯಾವುದಾದ್ರೂ ನಡೀತದೆ."

ಇಷ್ಟು ಹೇಳಿ ಒಳಗೆ ಹೋದಳು. ಹನ್ನೆರಡು ವರ್ಷ ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿ, ಅಣ್ಣ ಒಂದು ವಾಚಿಗಾಗಿ ನನಗೆ ಮೋಸ ಮಾಡಿದ ಅಂತ ನಂಬಿಕೊಂಡು ಬೇರೆ ಮನೆಗೆ ಹೋಗುತ್ತಾಳೆ. ನಾನೇ ನಂಬುವ ಹಾಗೆ ಮಾಡಿಟ್ಟಿದ್ದೆ. ಬಿಳಿಯ ಸಿಗಲೇಬೇಕಿತ್ತು, ಅದೂ ಭಾನುವಾರದೊಳಗೆ.

ಶುಕ್ರವಾರ ಮೊದಲ ಬಸ್ಸಿಗೆ ಹರಾಜು ಕಟ್ಟೆಗೆ ಹೋದೆ. ಸಾಲು ಸಾಲು ಬೇಲು. ನನ್ನವು ಹುಡುಕಿ, ಮಂಡಿಯೂರಿ, ಒಂದೊಂದಕ್ಕೂ ಕಿವಿ ಹಚ್ಚಿದೆ, ಟಿಕ್ ಟಿಕ್ ಕೇಳಿಸುತ್ತದೇನೋ ಅಂತ. ಕೇಳಿಸಿದ್ದು ನನ್ನ ಎದೆಯ ಬಡಿತ ಮಾತ್ರ. ಸುತ್ತ ರೈತರು ಸೇರಿದರು. ಚೆಲುವಣ್ಣ ಸೊಪ್ಪಿಗೆ ಜ್ವರ ಬಂದಿದೆಯಾ ನೋಡ್ತಾವ್ನೆ ಅಂದ ಒಬ್ಬ. ಇನ್ನೊಬ್ಬ, ಒಳ್ಳೆ ರೇಟು ಬರಲಿ ಅಂತ ಹೊಸ ಪೂಜೆ ಇರಬೇಕು ಎಂದು ತಾನೂ ತನ್ನ ಬೇಲಿಗೆ ಕಿವಿ ಹಚ್ಚಿದ! ನೋಡುನೋಡುತ್ತಿದ್ದಂತೆ ನಾಲ್ಕು ಜನ ಮಂಡಿಯೂರಿದ್ದರು.

ಗಲಾಟೆ ಕೇಳಿ ಅಲ್ಲಿನ ಅಧಿಕಾರಿ ಗಂಗಾಧರಪ್ಪನವರು ಬಂದರು. ಹೋದ ತಿಂಗಳು ರೈತರ ಸಭೆಯಲ್ಲಿ ಬೇಲು ಶುದ್ಧವಾಗಿರಬೇಕು ಅಂತ ಎಲ್ಲರಿಗೂ ಪಾಠ ಹೇಳಲು ಅವರು ನಿಲ್ಲಿಸಿದ್ದು ನನ್ನನ್ನೇ. ಈಗ ಅದೇ ಜನರ ಮುಂದೆ ತಲೆ ತಗ್ಗಿಸಿ, "ಸಾರ್, ನನ್ನ ಬೇಲಿನೊಳಗೆ ವಾಚು ಐತೆ" ಎಂದೆ. ಸುಮ್ಮನಿದ್ದು ಮಾರಬಹುದಿತ್ತು. ಮಾರಿದರೆ ಬೇಲಿನ ಜೊತೆ ವಾಚೂ ಹೋಗುತ್ತಿತ್ತು, ತಂಗಿಯೂ ಹೋಗುತ್ತಿದ್ದಳು. ಗಂಗಾಧರಪ್ಪನವರು ನನ್ನನ್ನು ಬೈದು ಬಾಗಿಲಾಚೆ ಹಾಕುತ್ತಾರೆ ಅಂದುಕೊಂಡೆ. ಪುಣ್ಯಾತ್ಮರು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಬಹಳ ಹೊತ್ತು ಕೆಮ್ಮಿದರು. ನಿಮ್ಮ ಸರದಿ ಮುಂದಿನ ವಾರಕ್ಕೆ ಹಾಕುತ್ತೇನೆ, ಬೇಲು ವಾಪಸ್ ಒಯ್ದು ಹುಡುಕಿ ಎಂದರು. "ಸಿಕ್ಕಿದಾಗ ಟೈಮು ಸರಿಯಾಗಿ ತೋರಿಸ್ತಿದೆಯಾ ಅಂತ ನಂಗೂ ಹೇಳಿ" ಅಂತಲೂ ಸೇರಿಸಿದರು.

ಶನಿವಾರ ಬೆಳಿಗ್ಗೆ ಹನ್ನೆರಡು ಬೇಲು ಅಂಗಳದಲ್ಲಿ ಕೂತಿದ್ದವು. ಮಾರನೇ ದಿನ ಬೀಗರು ಬರುತ್ತಾರೆ, ಮನೆ ತುಂಬ ಕೆಲಸ. ಬೇಲು ಬಿಚ್ಚಿ ಸೊಪ್ಪು ಪುಡಿಯಾಗದಂತೆ ಎಲೆ ಎಲೆ ತೆಗೆದು ನೋಡಿ ಮತ್ತೆ ಕಟ್ಟುವುದು ನಾನೊಬ್ಬ ಮಾಡಿದರೆ ಸಂಕ್ರಾಂತಿ ಆಗುತ್ತಿತ್ತು. ಯಾರನ್ನು ಕರೆಯಲಿ? ಮೊನ್ನೆ ನೂಲಿನೆಳೆಗೆ ಬೈಸಿಕೊಂಡವರನ್ನು ಯಾವ ಮುಖ ಇಟ್ಟು ಕರೆಯಲಿ? ಒಂದನೇ ಬೇಲಿನ ಹೊಲಿಗೆ ಬಿಚ್ಚುತ್ತಿದ್ದೆ. ಗೇಟಿನಲ್ಲಿ ಸದ್ದಾಯಿತು. ಚಿಕ್ಕಸಿದ್ದಮ್ಮ, ಅವಳ ಹಿಂದೆ ನಾಲ್ಕು ಹೆಂಗಸರು. ತಲೆಗೆ ಬಟ್ಟೆ, ಬಳೆಗೆ ಬಟ್ಟೆ, ಎಲ್ಲ ಕಟ್ಟುನಿಟ್ಟು. ಕರೆಯದೆ ಬಂದಿದ್ದರು. ನಾನು ಏನೋ ಹೇಳಹೋದರೆ ಚಿಕ್ಕಸಿದ್ದಮ್ಮ ತಡೆದಳು.

"ನಿನ್ ಮೊಕ ನೋಡಿ ಬರ್ಲಿಲ್ಲ ಕಣ್ ಮಗ. ರಾಧಮ್ಮ ನೆನ್ನೆಯಿಂದ ಸರಿಯಾಗಿ ಉಂಡಿಲ್ವಂತೆ. ಸರ್ಕೊ ಅತ್ಲಾಗೆ."

ಸರಿದೆ. ಒಂದು ಬೇಲಲ್ಲಿ ಇಲ್ಲ. ಐದರಲ್ಲಿ ಇಲ್ಲ. ಎಂಟರಲ್ಲೂ ಇಲ್ಲ. ಸುನಂದಮ್ಮ ಚಕ್ಕುಲಿ ಒತ್ತುವುದು ಬಿಟ್ಟು ಬಂದು ಕೂತಳು. ಮಧ್ಯಾಹ್ನದ ಬಿಸಿಲು ಏರಿದ ಮೇಲೆ ಒಂಬತ್ತನೇ ಬೇಲಿನ ನಡುವಿಂದ ಚಿಕ್ಕಸಿದ್ದಮ್ಮ ಬಿಳಿಯನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಓಡುತ್ತಿದ್ದ! ಒಂದು ನಿಮಿಷವೂ ಹಿಂದೆ ಬಿದ್ದಿರಲಿಲ್ಲ. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ, ನೇರ ಒಳಗೆ ಹೋಗಿ ರಾಧಾಳ ಕೈಗಿಟ್ಟಳು. ಅಣ್ಣ ಬಚ್ಚಿಟ್ಟಿರಲಿಲ್ಲ ಕಣವ್ವ ಅಂದಳಂತೆ. ರಾಧಾ ಹೊರಗೆ ಬಂದು ಸೊಪ್ಪಿನ ರಾಶಿಯ ನಡುವೆ ನನ್ನ ಪಕ್ಕ ಕೂತು ಎಲೆ ಜೋಡಿಸತೊಡಗಿದಳು. ಹೊಗೆಸೊಪ್ಪಿನ ಘಾಟು ಅಂತ ಹೇಳಿ ಕಣ್ಣೊರೆಸಿಕೊಂಡೆ. ಚಿಕ್ಕಸಿದ್ದಮ್ಮನ ಕೈ ಹಿಡಿದುಕೊಂಡು, ನಿನ್ನ ಋಣ ಹೇಗೆ ತೀರಿಸಲಿ ಎಂದರೆ, ಬಿಚ್ಚಿದ ಒಂಬತ್ತು ಬೇಲು ಮತ್ತೆ ಕಟ್ಟೋದೈತೆ, ಮೊದಲು ತಾಟು ಹಿಡಿ ಎಂದಳು.

ಬಿಳಿಯ ಸಿಕ್ಕಿದ, ಆದರೆ ಅವನ ಮೈಯೆಲ್ಲ ಹೊಗೆಸೊಪ್ಪಿನ ವಾಸನೆ. ಸೋಪು ಹಾಕಿದೆ, ನಿಂಬೆಹಣ್ಣು ಉಜ್ಜಿದೆ, ಸುನಂದಮ್ಮ ಊದುಬತ್ತಿ ತೋರಿಸಿದಳು. ಈಗ ಹೊಗೆಸೊಪ್ಪಿಗೆ ಪೂಜೆ ಮಾಡಿದ ವಾಸನೆ ಬರುತ್ತಿತ್ತು. ಇಂಥದ್ದನ್ನು ಗಂಡಿಗೆ ಹೇಗೆ ಕಟ್ಟಲಿ? ಭಾನುವಾರ ಎರಡನ್ನೂ ಹಣ್ಣಿನ ತಟ್ಟೆಯಲ್ಲಿಟ್ಟು ಮೇಷ್ಟ್ರ ಮುಂದೆ ಹಿಡಿದು ನಡೆದದ್ದನ್ನೆಲ್ಲ ಸಭೆಯಲ್ಲೇ ಒಪ್ಪಿಕೊಂಡೆ. ಬೀಗರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ತಾನು ಇವೆಲ್ಲ ತಿಳಿಯದವನು, ರಾಧಾ ಯಾವುದು ಅನ್ನುತ್ತಾಳೋ ಅದೇ ಆಗಲಿ ಎಂದರು.

ಆಗ ಹೊಳೆಯಿತು ನೋಡಿ. ಟೀ ಅಂಗಡಿಯವನನ್ನು ಕೇಳಿದ್ದೆ, ಕಂಡಕ್ಟರನ್ನು ಕೇಳಿದ್ದೆ, ಅರ್ಧ ಗಡ್ಡದವನನ್ನೂ ಕೇಳಿದ್ದೆ. ರಾಧಾಳನ್ನು ಒಂದು ಮಾತು ಕೇಳಿರಲಿಲ್ಲ. ಅವಳು ಬಂದಳು, ಎರಡನ್ನೂ ನೋಡಿದಳು. ಬಿಳಿಯನನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಇದೇ ಇರ್ಲಿ ಅಣ್ಣ. ಇದ್ರಲ್ಲಿ ನಮ್ಮನೆ ವಾಸನೆ ಐತೆ."

ನಾನು ಅದನ್ನೇ ಮೇಷ್ಟ್ರ ಕೈಗೆ ಕಟ್ಟಿದೆ. ಮೇಷ್ಟ್ರು ಮೂರು ಸಲ ಸೀನಿದರು, ಆದರೂ ಬಿಚ್ಚಲಿಲ್ಲ. ಅವರು ಒಳ್ಳೆಯವರೆಂದು ನನಗೆ ಆಗಲೇ ಖಾತ್ರಿಯಾಯಿತು.

ಬೀಗರು ಹೋದ ಮೇಲೆ ಜಗಲಿಯ ಮೇಲೆ ಕೂತೆ. ಕೈಯಲ್ಲಿ ಕರಿಯ ಇದ್ದ. ಗಂಗಾಧರಪ್ಪನವರನ್ನು ನೆನೆದೆ, ಚಿಕ್ಕಸಿದ್ದಮ್ಮನನ್ನು ನೆನೆದೆ, ರಾಧಾಳ ಆ ಮಾತನ್ನು ನೆನೆದೆ. ಮನಸ್ಸು ತುಂಬಿ ಬಂದಿತ್ತು. ಎಲೆಅಡಿಕೆ ತಂದ ಸುನಂದಮ್ಮನಿಗೆ ಹೇಳಿದೆ, "ಆರಿಸೋ ರಗಳೆನೇ ಬ್ಯಾಡ ಕಣೇ. ಪಾಲಿಗೆ ಬಂದದ್ದು ಪಂಚಾಮೃತ ಅಂತ ಇದ್ಬುಟ್ರೆ ಎಷ್ಟು ನೆಮ್ಮದಿ!"

ಅವಳು ಎಲೆಗೆ ಸುಣ್ಣ ಸವರುತ್ತಾ ಅಂದಳು:

"ಅದನ್ನ ಕಲಿಯೋಕೆ ನಿಮಗೆ ಒಂಬತ್ತು ಬೇಲು ಬಿಚ್ಚಬೇಕಾಯ್ತು. ನಂಗೆ ಧಾರೆ ದಿನ ನಿಮ್ಮನ್ನ ನೋಡ್ತಿದ್ದಂಗೇ ಗೊತ್ತಾಗೋಯ್ತು ಕಣ್ರೀ."